ಹೆಸರು ಬರೆಯಬೇಕಾಗಿಲ್ಲ

ಕೆಂಪಾಪುರ
17 ಜನವರಿ 2016, ಭಾನುವಾರ

ಪ್ರೀತಿಯ ರೂಬಿ,

ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ. ಪರವಾಗಿಲ್ಲ, ಅಂಚೆಯವರನ್ನು ಬ್ಲಾಕ್ ಮಾಡುವ ಆ್ಯಪ್ ಇನ್ನೂ ಬಂದಿಲ್ಲ. ಆರ್.ಟಿ. ನಗರದ ನಿಮ್ಮ ಮನೆಯ ವಿಳಾಸ ನನಗೆ ಐದನೇ ಕ್ಲಾಸಿನಿಂದಲೇ ಬಾಯಿಪಾಠ. ಮೊದಲು ಇಂಗ್ಲಿಷಿನಲ್ಲಿ ಶುರು ಮಾಡಿದೆ ಕಣೇ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಆಫೀಸಿನ ಮೇಲ್ ಓದಿದ ಹಾಗಾಯಿತು, ಹರಿದು ಹಾಕಿದೆ. ಕಾನ್ವೆಂಟಿನಲ್ಲಿ ಓದಿದರೂ ನಮ್ಮ ಗುಟ್ಟಿನ ಚೀಟಿಗಳೆಲ್ಲ ಕನ್ನಡದಲ್ಲೇ ಇರುತ್ತಿದ್ದವಲ್ಲ, ಸಿಸ್ಟರ್‌ಗೆ ಓದಲು ಬರುವುದಿಲ್ಲ ಅಂತ. ಕಾಗುಣಿತ ತಪ್ಪಿದ್ದರೆ ನಕ್ಕುಬಿಡು.

ಮದುವೆಯಾಗಿ ಎಂಟು ವಾರ. ನನಗೆ ಆಗುತ್ತಿರುವ ಸಂತೋಷವನ್ನು ಎಲ್ಲಿ ಇಡಬೇಕೋ ಗೊತ್ತಾಗುತ್ತಿಲ್ಲ, ಅದಕ್ಕೆ ನಿನ್ನ ಮೇಲೆ ಸುರಿಯುತ್ತಿದ್ದೇನೆ. ಮುನೀಂದ್ರ ಕಾಫಿ ಮಾಡಿಕೊಟ್ಟು "ಐದಕ್ಕೆ ಎಷ್ಟು ಸ್ಟಾರ್ ಕೊಡ್ತೀಯ ಸರು" ಅಂತ ಕೇಳುತ್ತಾನೆ. ನಾನು ಪ್ರತಿ ಸಲ ಆರು ಕೊಡುತ್ತೇನೆ. ನಮ್ಮದು ನಾಲ್ಕನೇ ಮಹಡಿ. ಬಾಲ್ಕನಿಯಲ್ಲಿ ನಿಂತರೆ ಏರ್‌ಪೋರ್ಟ್ ರಸ್ತೆಯೂ ಕಾಣುತ್ತದೆ, ಇಳಿಯುವ ವಿಮಾನಗಳೂ ಕಾಣುತ್ತವೆ. ಸಂಜೆ ಹೊತ್ತು ಬರುವ ಪ್ರತಿಯೊಂದು ವಿಮಾನದಲ್ಲೂ ಅವನಿರಬಹುದು ಅಂದುಕೊಳ್ಳುವುದು ನನ್ನ ಹೊಸ ಆಟ. ಈ ಎಂಟು ವಾರದಲ್ಲಿ ಅವನು ಮನೆಯಲ್ಲಿದ್ದದ್ದು ಹದಿಮೂರು ದಿನ. ನೀನು ಬಿಟ್ಟ ಮೇಲೂ ನಮ್ಮ ಕಂಪನಿ ಫಟ್‌ಬುಟ್ಟಿ ಓಡುತ್ತಲೇ ಇದೆ. ನಾವಿಬ್ಬರೂ ಸೇರಿದಾಗ ನಲವತ್ತು ಜನ, ಈಗ ಆರುನೂರು. ಹದಿನೈದು ದಿನಕ್ಕೊಂದು ಹೊಸ ಊರಿನಲ್ಲಿ ಮನೆಬಾಗಿಲಿಗೆ ತರಕಾರಿ ತಲುಪಿಸಲು ಶುರು ಮಾಡಬೇಕು, ಶುರು ಮಾಡುವ ತಂಡದಲ್ಲಿ ಮುನೀಂದ್ರ ಇರಲೇಬೇಕು. ಸಂಕ್ರಾಂತಿಗೆ ಅವನು ನಾಗಪುರದಲ್ಲಿದ್ದ. ಎಳ್ಳು ಬೀರಲು ನಾನೊಬ್ಬಳೇ ಮಹಡಿ ಮಹಡಿ ಹತ್ತಿದೆ. ಎಲ್ಲರೂ ಕೇಳಿದ್ದು ಒಂದೇ, "ಯಜಮಾನ್ರು ಎಲ್ಲಿ?"

ಈಗ ಆ ವಿಷಯ. ಪೀಪಲ್ ಟೀಮ್ ಅಂತ ಹೆಸರಿಟ್ಟುಕೊಂಡ ಎಚ್.ಆರ್.ನವರಾದ ನಾವು ಪ್ರತಿ ತಿಂಗಳೂ ಎಲ್ಲರಿಗೂ ಒಂದು ಫಾರಂ ಕಳಿಸುತ್ತೇವೆ: ಇಲ್ಲಿ ಕೆಲಸ ಮಾಡುವುದು ನಿಮಗೆ ಹೇಗನಿಸುತ್ತದೆ, ಹೆಸರು ಬರೆಯಬೇಕಾಗಿಲ್ಲ. ಡಿಸೆಂಬರಿನಲ್ಲಿ ನೀನು ನಿನ್ನ ಯಶವಂತಪುರದ ಗೋಡೌನಿನ ಬಗ್ಗೆ ಬರೆದೆ. ಶುಕ್ರವಾರದ ಮೀಟಿಂಗಿನಲ್ಲಿ ಅದನ್ನು ಓದಿದರು. ಸೋಮವಾರ ನಿನ್ನನ್ನು ಕರೆದು ಇನ್ನು ಬರಬೇಡಿ ಅಂದರಂತೆ. ಬರೆದದ್ದು ನೀನೇ ಅಂತ ಅವರಿಗೆ ಹೇಗೆ ತಿಳಿಯಿತೋ ನನಗೆ ಗೊತ್ತಿಲ್ಲ. ಕಂಪ್ಯೂಟರಿನಲ್ಲಿ ಏನೋ ದಾರಿ ಇರಬೇಕು. ಆದರೆ ಅದಕ್ಕೆ ನನ್ನ ಮೇಲೆ ಯಾಕೆ ಸಿಟ್ಟು? ಹತ್ತೊಂಬತ್ತು ವರ್ಷದ ಸ್ನೇಹವನ್ನು ಒಂದು ಕೆಲಸಕ್ಕೋಸ್ಕರ ಬಿಡುತ್ತಾರೇನೇ?

ಎಳ್ಳು ಬೆಲ್ಲ ಸ್ವಲ್ಪ ಲಕೋಟೆಯಲ್ಲೇ ಹಾಕಿದ್ದೇನೆ. ಒಳ್ಳೆ ಮಾತಾಡು.

ನಿನ್ನವಳೇ ಆದ
ಸರಳಾ


ಕೆಂಪಾಪುರ
14 ಫೆಬ್ರವರಿ 2016

ನನ್ನ ರೂಬಿ,

ಉತ್ತರ ಬರಲಿಲ್ಲ. ಬರೆಯುತ್ತಿದ್ದೀಯ, ಮುಗಿದಿಲ್ಲ ಅಂದುಕೊಂಡಿದ್ದೇನೆ.

ಇವತ್ತು ಪ್ರೇಮಿಗಳ ದಿನವಂತೆ. ಮುನೀಂದ್ರ ಇಂದೋರಿನಿಂದ ಹೂಗುಚ್ಛ ಕಳಿಸಿದ್ದಾನೆ, ನನ್ನ ಎತ್ತರ ಇದೆ, ಇಡಲು ಬಕೆಟ್ಟೇ ಬೇಕಾಯಿತು. ಅವನು ಎಂಥ ಒಳ್ಳೆಯವನು ಗೊತ್ತಾ? ನಾನು ಫೋನ್ ಮಾಡಿದಾಗೆಲ್ಲ ಮೀಟಿಂಗಿನಲ್ಲಿರುತ್ತಾನೆ ಅಂತ ನಾನು ಒಂದು ದಿನ ಮುಖ ಊದಿಸಿಕೊಂಡೆ. ಮಾರನೇ ದಿನದಿಂದ ಆಫೀಸಿನ ಕ್ಯಾಲೆಂಡರಿನಲ್ಲೇ ನನಗೆ ಜಾಗ ಮಾಡಿದ್ದಾನೆ. "ಸರಳಾ, ಹದಿನೈದು ನಿಮಿಷ" ಅಂತ ಪ್ರತಿದಿನ ಸಂಜೆ ಆರೂವರೆಗೆ. ಎಷ್ಟು ಜನ ಗಂಡಂದಿರು ಹೀಗೆ ಮಾಡುತ್ತಾರೆ ಹೇಳು. ಹದಿಮೂರನೇ ನಿಮಿಷಕ್ಕೆ ಅವನ ಮೊಬೈಲು ಟಿಂಗ್ ಅನ್ನುತ್ತದೆ, ಮುಂದಿನ ಮೀಟಿಂಗ್ ಅಂತ. ಆಮೇಲಿನ ಎರಡು ನಿಮಿಷ ಅವನು "ಹೂಂ ಹೂಂ" ಅನ್ನುತ್ತಾನೆ.

ಯಲಹಂಕದಿಂದ ಅಮ್ಮ ಫೋನ್ ಮಾಡಿದ್ದಳು.

"ಏನಮ್ಮಿ, ಗಂಡ ಬಂದ್ನಾ?"

"ಮುಂದಿನ ವಾರ ಬರ್ತಾನಮ್ಮ."

"ಓದ್ ವಾರಾನೂ ಇಂಗೇ ಅಂದೆ. ಮದ್ವೆ ಆಗಿದ್ದು ನಿಂಗೋ ಏರ್‌ಪೋರ್ಟಿಗೋ?"

ನಾನು ನಕ್ಕೆ. ಅಮ್ಮ ನಗಲಿಲ್ಲ.

ಆಫೀಸಿನಲ್ಲಿ ಈಗ ವಾರಕ್ಕೆ ಮೂವತ್ತು ಜನ ಹೊಸಬರು. ಅವರನ್ನೆಲ್ಲ ಕೂರಿಸಿಕೊಂಡು, ಕಂಪನಿಗಳ ಬಗ್ಗೆ ನೌಕರರು ಬರೆಯುವ ಆ ವೆಬ್‌ಸೈಟಿನಲ್ಲಿ ನಮ್ಮ ಬಗ್ಗೆ ನಾಲ್ಕು ಸಾಲು ಬರೆಸುವುದು ನನ್ನ ಕೆಲಸ. ಮೊದಲ ವಾರದಲ್ಲೇ ಬರೆಸಬೇಕು ಅಂತ ಸುರೇಶ್ ಸಾರ್ ನಿಯಮ. ನಮ್ಮ ಟೀಮಿನ ಹೆಡ್ ಆದವರು ಸುಮ್ಮನೆ ಹೇಳುತ್ತಾರೆಯೇ, ಎರಡನೇ ತಿಂಗಳಲ್ಲಿ ಬರೆಸಿದರೆ ಬೇರೆಯೇ ಬರುತ್ತದೆ. "ಇಲ್ಲಿ ಮನೆಯ ವಾತಾವರಣವಿದೆ" ಅಂತ ಈ ವಾರ ಹನ್ನೊಂದು ಜನ ಬರೆದರು. ಅವರಿಗೆ ಇನ್ನೂ ಕೂರಲು ಕುರ್ಚಿ ಬಂದಿರಲಿಲ್ಲ. ನನ್ನ ಪಕ್ಕದ್ದು ಮಾತ್ರ ನವೆಂಬರಿನಿಂದ ಖಾಲಿ ಇದೆ. ಅದನ್ನು ಯಾರಿಗೂ ಕೊಟ್ಟಿಲ್ಲ.

ಒಂದೇ ಒಂದು ಸಾಲು ಬರೆ. ಬೈದಾದರೂ ಬರೆ.

ಕಾಯುತ್ತಿರುವ
ಸರಳಾ


ಆರ್.ಟಿ. ನಗರ
24 ಫೆಬ್ರವರಿ 2016

ಸರಳಾ,

ಎರಡು ಕಾಗದವೂ ಬಂದಿವೆ. ಎಳ್ಳು ಬೆಲ್ಲ ಇರುವೆಗಳಿಗೆ ಸಿಕ್ಕಿತು.

ಆ ಗೋಡೌನಿನಲ್ಲಿ ಟಾಯ್ಲೆಟ್ಟಿಗೆ ಬೀಗ ಹಾಕಿ ಕೀಲಿಯನ್ನು ಸೂಪರ್‌ವೈಸರ್ ಲಕ್ಕಣ್ಣ ಇಟ್ಟುಕೊಳ್ಳುತ್ತಾನೆ ಅನ್ನುವುದನ್ನು ನಾನು ಫಾರಂನಲ್ಲಿ ಬರೆಯುವ ಮುಂಚೆ ಒಬ್ಬಳಿಗೇ ಹೇಳಿದ್ದೆ. ಅವಳ ಮದುವೆಗೆ ಎರಡು ದಿನ ಮುಂಚೆ, ಅವಳ ಕೈಗೆ ಮೆಹಂದಿ ಹಾಕುತ್ತಾ ಹೇಳಿದ್ದೆ.

ನನ್ನನ್ನು ಕಳಿಸುವ ದಿನ ಸುರೇಶ್ ಸಾರ್ ಏನಂದರು ಗೊತ್ತಾ? "ನಿಮ್ಮ ಫ್ರೆಂಡ್ ನಿಮ್ಮ ಬರವಣಿಗೇನ ಬಹಳ ಹೊಗಳಿದ್ರು." ಇದು ಯಾವ ಕಂಪ್ಯೂಟರಿನ ದಾರಿ?

ಇನ್ನೊಂದು ಸಲ ಬರೆಯುವುದಾದರೆ ನಿಜ ಬರೆ. ಇಲ್ಲದಿದ್ದರೆ ಸ್ಟಾಂಪು ದಂಡ.

ರೂಬಿ


ಕೆಂಪಾಪುರ
6 ಮಾರ್ಚ್ 2016

ರೂಬಿ,

ಹೌದು. ನಾನೇ.

ಇಷ್ಟು ಬರೆದು ಎದ್ದು ಹೋಗಿ ಪಾತ್ರೆ ತೊಳೆದು ಬಂದೆ. ಒಂದು ತಟ್ಟೆ, ಒಂದು ಲೋಟ, ಎಷ್ಟು ಹೊತ್ತು ತೊಳೆಯಲು ಆಗುತ್ತದೆ? ಈಗ ಪೂರ್ತಿ ಹೇಳುತ್ತೇನೆ.

ಮೀಟಿಂಗಿನಲ್ಲಿ ಏಳು ಜನ ಇದ್ದೆವು. ಸುರೇಶ್ ಸಾರ್ ನಿನ್ನ ಫಾರಂ ಅನ್ನು ಗೋಡೆಯ ಮೇಲೆ ತೋರಿಸಿದರು. "ಇಲ್ಲಿ ಮೂವತ್ತೆರಡು ಹೆಂಗಸರು ತರಕಾರಿ ಆರಿಸುತ್ತಾರೆ. ಟಾಯ್ಲೆಟ್ಟಿಗೆ ಹೋಗಬೇಕಾದರೆ ಸೂಪರ್‌ವೈಸರ್ ಹತ್ತಿರ ಕೀಲಿ ಕೇಳಬೇಕು. ಅವರು ಹೆಸರನ್ನೂ ನಿಮಿಷವನ್ನೂ ಬೋರ್ಡಿನ ಮೇಲೆ ಬರೆಯುತ್ತಾರೆ. ಅದಕ್ಕೆ ಈ ಹೆಂಗಸರು ಬೆಳಿಗ್ಗೆ ಮನೆ ಬಿಟ್ಟ ಮೇಲೆ ನೀರು ಕುಡಿಯುವುದಿಲ್ಲ." ನೀನು ಹೇಳಿದಾಗ ನಾನು ಮದುವೆಯ ಗಡಿಬಿಡಿಯಲ್ಲಿ "ಅಯ್ಯೋ ಪಾಪ" ಅಂದು ಬಳೆಯ ಮಾತಿಗೆ ಹೋಗಿದ್ದೆ. ಗೋಡೆಯ ಮೇಲೆ ಓದುವಾಗ ನನಗೆ ಬಾಯಾರಿತು.

ಸಾರ್ ಅಂದರು, "ಏನ್ ಬರ್ದಿದಾರೆ ನೋಡಿ. ಇಂಥೋರು ಗೋಡೌನಲ್ಲಿ ಅಲ್ಲ, ನಮ್ ಟೀಮಲ್ಲಿ ಇರ್ಬೇಕು. ಯಾರಿರಬಹುದು?"

ನಾನು ನನ್ನ ಪಕ್ಕದ ಖಾಲಿ ಕುರ್ಚಿ ನೋಡಿದೆ. ಮದುವೆಯಾಗಿ ನಾಲ್ಕು ವಾರವಾಗಿತ್ತು, ಮುನೀಂದ್ರ ಲಖನೌದಲ್ಲಿದ್ದ. ಮನೆಯಲ್ಲೂ ಒಬ್ಬಳೇ, ಆರುನೂರು ಜನರ ಆಫೀಸಿನಲ್ಲೂ ಒಬ್ಬಳೇ. ನೀನು ಯಶವಂತಪುರ ಬಿಟ್ಟು ಇಲ್ಲಿಗೆ ಬರುತ್ತೀಯ, ಮಧ್ಯಾಹ್ನ ಡಬ್ಬಿ ಹಂಚಿಕೊಂಡು ತಿನ್ನುತ್ತೇವೆ, ಇಷ್ಟೇ ತಲೆಗೆ ಬಂದದ್ದು. "ನಮ್ಮ ರೂಬೀನೇ ಸಾರ್, ಸ್ಕೂಲಿನಿಂದಲೂ ಪ್ರಬಂಧದಲ್ಲಿ ಅವಳೇ ಫಸ್ಟು" ಅಂದುಬಿಟ್ಟೆ. ಹೆಮ್ಮೆಯಿಂದ ಅಂದೆ ಕಣೇ.

ಅವರು ಪೆನ್ನಿಗೆ ಕ್ಯಾಪ್ ಹಾಕಿ "ಓಕೆ, ನೆಕ್ಸ್ಟ್" ಅಂದರು.

ಆ ಕ್ಷಣದಲ್ಲಿ ನನಗೆ ಗೊತ್ತಾಯಿತು. ಇದನ್ನು ನಿನಗೆ ಹೇಳಲೇಬೇಕು. ಅನ್ನುವಾಗ ಗೊತ್ತಿರಲಿಲ್ಲ, ಅಂದ ಮೇಲೆ ಗೊತ್ತಾಯಿತು. "ತಮಾಷೆಗೆ ಹೇಳ್ದೆ ಸಾರ್, ಅವಳಲ್ಲ" ಅನ್ನಬಹುದಿತ್ತು. ಶನಿವಾರ ನಿನಗೆ ಫೋನ್ ಮಾಡಿ ಎಚ್ಚರಿಸಬಹುದಿತ್ತು. ಶನಿವಾರ ಮುನೀಂದ್ರ ಬಂದ. ನಾನು ಸಿಹಿ ಮಾಡಿದೆ.

ಕ್ಷಮಿಸು ಅಂತ ಬರೆದು ಮೂರು ಸಲ ಹೊಡೆದು ಹಾಕಿದ್ದೇನೆ, ಕೆಳಗೆ ಗುರುತು ಕಾಣುತ್ತಿರಬಹುದು.

ಸರಳಾ


ಆರ್.ಟಿ. ನಗರ
4 ಏಪ್ರಿಲ್ 2016

ಸರಳಾ,

ನಿನ್ನ ಕಾಗದವನ್ನು ಅಮ್ಮಿಗೆ ಓದಿ ಹೇಳಿದೆ. ಕುರ್ಚಿಯ ಮಾತು ಬಂದಾಗ ಅಮ್ಮಿ "ಪಾಗಲ್ ಹುಡುಗಿ" ಅಂದರು. ಅದು ಬೈಗುಳವೋ ಕನಿಕರವೋ ನಾನು ಕೇಳಲಿಲ್ಲ.

ಈಗ ನನಗೆ ಒಂದು ಕೆಲಸವಾಗಬೇಕು. ಮೂರು ತಿಂಗಳಿಂದ ಯಶವಂತಪುರದ ಯಾರ್ಡಿನಲ್ಲಿ ಅಬ್ಬಾನ ಆಲೂಗಡ್ಡೆ ಮಂಡಿಯಲ್ಲಿ ಕೂತಿದ್ದೇನೆ. ಅಬ್ಬಾ ದಿನಾ ಅನ್ನುತ್ತಾರೆ, "ಬೇಟಿ, ಇಲ್ಲಿ ಕೂತ್ರೆ ನಿನ್ ಡಿಗ್ರಿ ಮೊಳಕೆ ಬರ್ತದೆ, ಹೋಗು." ಹೆಸರಘಟ್ಟದ ಹತ್ತಿರ ಸಸಿ ಬೆಳೆಸಿ ರೈತರಿಗೆ ಕೊಡುವ ಒಂದು ನರ್ಸರಿ ಇದೆ. ಅಲ್ಲಿ ನನ್ನನ್ನು ತೆಗೆದುಕೊಳ್ಳಲು ಒಪ್ಪಿದ್ದರು. ಹಳೆಯ ಕಂಪನಿಯಿಂದ ಬಿಡುಗಡೆ ಪತ್ರ ಕೇಳಿದರು. ಫಟ್‌ಬುಟ್ಟಿಯವರು ಕೊಟ್ಟ ಪತ್ರದಲ್ಲಿ "ಗೋಪ್ಯತೆ ಉಲ್ಲಂಘನೆ" ಅಂತಿದೆ. ನರ್ಸರಿಯ ಮುನಿನಾರಾಯಣಪ್ಪನವರು ಮುಖಕ್ಕೇ ಕೇಳಿದರು, "ಏನ್ ಕದ್ದೆ ತಾಯಿ ಅಲ್ಲಿ?"

ನಿಜವನ್ನು ನಾನು ಹೇಳಿದರೆ ನನ್ನ ಮಾತು, ನೀನು ಬರೆದರೆ ಸಾಕ್ಷಿ. ಕಂಪನಿಯೇ ಅಭಿಪ್ರಾಯ ಕೇಳಿತು, ರೂಬಿ ಬರೆದಳು, ಅವಳ ಹೆಸರನ್ನು ನಾನು ಹೇಳಿದೆ, ಅದಕ್ಕೆ ತೆಗೆದರು, ಬೇರೆ ತಪ್ಪಿಲ್ಲ. ಇಷ್ಟು, ನಿನ್ನ ಸಹಿ ಹಾಕಿ ಕಳಿಸು. ಅವರು ಏಪ್ರಿಲ್ ಮೂವತ್ತರವರೆಗೆ ಕಾಯುತ್ತಾರೆ.

ಕ್ಷಮೆ ಬೇಡ. ಅದು ಬೇಕು.

ರೂಬಿ


ಕೆಂಪಾಪುರ
9 ಏಪ್ರಿಲ್ 2016

ರೂಬಿ,

ನಿನ್ನೆ ಯುಗಾದಿ. ಮದುವೆಯಾದ ಮೇಲೆ ಮೊದಲನೆಯದು. ಅಮ್ಮ ಕರೆದಳು, ಮುನೀಂದ್ರ ಬರುತ್ತಾನೆ ಅಂತ ನಾನು ಹೋಗಲಿಲ್ಲ. ಒಬ್ಬಟ್ಟು ಎಂಟು ಮಾಡಿದೆ. ಜೈಪುರದಲ್ಲಿ ಏನೋ ತೊಂದರೆ, ಅವನು ಬರಲಿಲ್ಲ.

ಆರೂವರೆಯ ಫೋನಿನಲ್ಲಿ ನಿನ್ನ ಕಾಗದದ ವಿಷಯ ಹೇಳಿದೆ. ಅವನು ಬೈಯಲಿಲ್ಲ. ಅವನು ಯಾವತ್ತೂ ಬೈಯುವುದಿಲ್ಲ.

"ಸರು, ರೂಬಿಗೆ ಆಗಿದ್ದು ತಪ್ಪು. ನಾನೂ ಒಪ್ತೀನಿ. ಆದ್ರೆ ಲಿಖಿತದಲ್ಲಿ ಬೇಡ. ಜೈಪುರ ಪೂರ್ತಿ ನನ್ ಕೈಗೆ ಕೊಡ್ತಾ ಇದಾರೆ. ನೀನೂ ಇಲ್ಲೇ, ನಾನೂ ಇಲ್ಲೇ. ಅವರು ನಿನ್ನೊಬ್ಬಳನ್ನೇ ನೋಡ್ತಾರಾ?"

"ಅವಳಿಗೆ ಕೆಲಸ ಹೋಗತ್ತೆ ಕಣೋ."

"ಬೇರೆ ಕಡೆ ನಾನ್ ಹೇಳಿಸ್ತೀನಿ. ನಂಗೆ ಎಷ್ಟು ಜನ ಗೊತ್ತಿಲ್ಲ."

ಟಿಂಗ್ ಅಂತು. "ಹೂಂ ಹೂಂ" ಅಂದ. ಇಟ್ಟ.

ನಾನು ನಾಲ್ಕು ಸಲ ಬರೆಯಲು ಕೂತೆ. ಆಗುತ್ತಿಲ್ಲ. ಅವನು ಖಂಡಿತ ಬೇರೆ ಕಡೆ ಹೇಳಿಸುತ್ತಾನೆ, ಅವನ ಮಾತು ಮಾತು. ಬೇಕಾದರೆ ನಾನು ಹೆಸರಘಟ್ಟಕ್ಕೆ ಬಂದು ಬಾಯಲ್ಲಿ ಹೇಳುತ್ತೇನೆ. ಕಾಗದ ಮಾತ್ರ ಕೇಳಬೇಡ.

ಏನು ಅಂದುಕೊಳ್ಳುತ್ತೀಯೋ ಗೊತ್ತು.

ಸರಳಾ


ಕೆಂಪಾಪುರ
27 ಏಪ್ರಿಲ್ 2016

ರೂಬಿ,

ಇದರ ಜೊತೆ ಇನ್ನೊಂದು ಹಾಳೆ ಇದೆ. ನೀನು ಕೇಳಿದ್ದು ಅದೇ. ಸಹಿ, ತಾರೀಖು, ನನ್ನ ಹುದ್ದೆ ಎಲ್ಲ ಇದೆ. ಅದರ ನಕಲನ್ನು ಸುರೇಶ್ ಸಾರ್ ಮೇಜಿನ ಮೇಲೆ ಇಟ್ಟು ಬಂದಿದ್ದೇನೆ. ಮೂವತ್ತರೊಳಗೆ ತಲುಪಲಿ ಅಂತ ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ.

ನಾನು ಧೈರ್ಯವಂತೆಯಾದೆ ಅಂದುಕೊಳ್ಳಬೇಡ. ಆದದ್ದು ಹೀಗೆ. ಕಳೆದ ವಾರ ಏಪ್ರಿಲ್ ತಿಂಗಳ ಫಾರಂ ತುಂಬಿಸಲು ಯಶವಂತಪುರದ ಗೋಡೌನಿಗೆ ನನ್ನನ್ನೇ ಕಳಿಸಿದರು. ಅಲ್ಲಿನ ಹೆಂಗಸರಿಗೆ ಬರೆಯಲು ಬರುವುದಿಲ್ಲ, ಹೇಳಿದ್ದನ್ನು ಬರೆದುಕೊಂಡು ಬಾ ಅಂತ. ತಗಡಿನ ಸೂರಿನ ಕೆಳಗೆ ಹನ್ನೊಂದು ಗಂಟೆಗೇ ತಲೆ ಸುತ್ತುತ್ತಿತ್ತು. ನಾನು ಬಾಟಲಿ ತೆಗೆದು ನೀರು ಕುಡಿದೆ, ಮೂವತ್ತೆರಡು ಜನ ಅದನ್ನು ನೋಡಿದರು.

ಮೊದಲು ಕೂತವಳು ಈರವ್ವ. ನಿನಗೆ ಗೊತ್ತಲ್ಲ, ಟೊಮೇಟೊ ಆರಿಸುವವಳು. ಇಲ್ಲಿ ಕೆಲಸ ಹೇಗನಿಸುತ್ತದೆ ಅಂತ ಕೇಳಿದೆ.

"ಭಾಳ ಛಲೋ ಐತಿ ಅಂತ ಬರ್ಕೋರಿ."

"ಏನಾದ್ರೂ ತೊಂದ್ರೆ ಇದ್ರೆ ಹೇಳಿ ಅಕ್ಕ. ಹೆಸರು ಬರೆಯಲ್ಲ."

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ರೂಬಿ ಅಕ್ಕಾರ್ ಹೆಸ್ರೂ ಬರದಿರಲಿಲ್ಲಂತಲ್ರೀ. ಛಲೋ ಐತಿ ಅಂತ ಬರ್ಕೋರಿ ಸುಮ್ನ."

ಎರಡನೆಯವಳೂ ಅದನ್ನೇ ಅಂದಳು. ಹತ್ತನೆಯವಳೂ ಅದನ್ನೇ. ಮೂವತ್ತೆರಡು ಫಾರಂಗಳಲ್ಲಿ ಮೂವತ್ತೆರಡು ಸಲ ಬಹಳ ಚೆನ್ನಾಗಿದೆ ಅಂತ ನನ್ನ ಅಕ್ಷರದಲ್ಲಿ ಬರೆದುಕೊಂಡು ಬಂದೆ. ಲಕ್ಕಣ್ಣನ ಬೋರ್ಡು ಹಾಗೇ ಇತ್ತು.

ಸುರೇಶ್ ಸಾರ್ ಎಣಿಸಿ ನೋಡಿ ಖುಷಿಪಟ್ಟರು. "ನೋಡಿದ್ರಾ ಸರಳಾ, ಡಿಸೆಂಬರಿಗೂ ಈಗ್ಲೂ ಎಷ್ಟು ವ್ಯತ್ಯಾಸ. ಇದು ನಿಮ್ಮ ಸಾಧನೆ." ಕೈ ಕುಲುಕಿದರು. ನಿಜ ಹೇಳಿದರು ರೂಬಿ. ಅದು ನನ್ನ ಸಾಧನೆಯೇ.

ನಿನ್ನೆ ರಾಜೀನಾಮೆ ಕೊಟ್ಟೆ. ಬಿಟ್ಟು ಹೋಗುವವರನ್ನು ಸಣ್ಣ ಕೋಣೆಯಲ್ಲಿ ಕೂರಿಸಿ ಕೊನೆಯ ಪ್ರಶ್ನೆಗಳನ್ನು ಕೇಳುವುದು ನಮ್ಮಲ್ಲಿ ಪದ್ಧತಿ, ಕೇಳುವವಳು ನಾನೇ. ಇವತ್ತು ನನ್ನನ್ನು ಕೇಳಲು ಯಾರನ್ನೂ ಕಳಿಸಲಿಲ್ಲ. ಹತ್ತು ನಿಮಿಷ ಕಾದು ಫಾರಂ ಅನ್ನು ನಾನೇ ತೆಗೆದುಕೊಂಡು ನಾನೇ ಕೇಳಿಕೊಂಡೆ. "ನಿಮಗೆ ಇಲ್ಲಿ ಅತ್ಯಂತ ಇಷ್ಟವಾದದ್ದು ಏನು?" ನಲವತ್ತು ಜನರಿದ್ದಾಗ ಎಲ್ಲರೂ ಒಂದೇ ಮೇಜಿನ ಸುತ್ತ ಊಟ ಮಾಡುತ್ತಿದ್ದದ್ದು ಅಂತ ಬರೆದೆ. "ಇನ್ನೂ ಹೇಗೆ ಉತ್ತಮಪಡಿಸಬಹುದು?" ಕೀಲಿಯನ್ನು ಬಾಗಿಲಲ್ಲೇ ಬಿಡಿ ಅಂತ ಬರೆದೆ. ಗಾಜಿನ ಆಚೆ ಹೊಸ ಹುಡುಗಿಯೊಬ್ಬಳು ನನ್ನ ಪಕ್ಕದ ಕುರ್ಚಿಯನ್ನು ತಳ್ಳಿಕೊಂಡು ಹೋಗುತ್ತಿದ್ದಳು.

ಮುನೀಂದ್ರನಿಗೆ ರಾಜೀನಾಮೆ ಕೊಟ್ಟಾದ ಮೇಲೆಯೇ ಹೇಳಿದೆ. "ನನ್ನನ್ನ ಒಂದ್ ಮಾತು ಕೇಳಬೇಕು ಅನ್ನಿಸ್ಲಿಲ್ವಾ?" ಅಂದ. ಕೇಳಿದ್ದೆನಲ್ಲ, ಹದಿನೈದು ನಿಮಿಷ. ಇವತ್ತು ಆರೂವರೆಗೆ ಫೋನ್ ಬರಲಿಲ್ಲ. ಏಳಕ್ಕೂ ಬರಲಿಲ್ಲ. ಕೆಲಸ ಜಾಸ್ತಿ ಇರಬೇಕು. ಜೈಪುರದಲ್ಲಿ ಈಗ ನಲವತ್ತೆರಡು ಡಿಗ್ರಿಯಂತೆ, ಅವನಿಗೆ ಬಿಸಿಲು ಆಗುವುದಿಲ್ಲ.

ಕೆಲಸ ಸಿಕ್ಕಿದರೆ ತಿಳಿಸು. ತಿಳಿಸದಿದ್ದರೂ ಸರಿ.

ಸರಳಾ


ಆರ್.ಟಿ. ನಗರ
8 ಮೇ 2016

ಸರಳಾ,

ಇಪ್ಪತ್ತೊಂಬತ್ತಕ್ಕೆ ತಲುಪಿತು. ಅವತ್ತೇ ಬಸ್ಸು ಹತ್ತಿ ಹೆಸರಘಟ್ಟಕ್ಕೆ ಹೋದೆ. ಮುನಿನಾರಾಯಣಪ್ಪನವರು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು.

"ಈವಮ್ಮ ಈಗ ಎಲ್ಲವ್ಳೆ?"

"ಮನೇಲಿದಾಳೆ. ಕೆಲಸ ಬಿಟ್ಟಳು."

"ಯಾರ್ ಬಿಡು ಅಂದ್ರು?"

"ಯಾರೂ ಅನ್ನಲಿಲ್ಲ."

ಹಾಳೆ ಮಡಿಚಿ ಫೈಲಿಗೆ ಹಾಕಿದರು. "ಸೋಮ್ವಾರದಿಂದ ಬಾ ತಾಯಿ" ಅಂದರು. ಹೋಗುತ್ತಿದ್ದೇನೆ, ಇವತ್ತಿಗೆ ಒಂದು ವಾರ. ಟೊಮೇಟೊ ಸಸಿ, ಮೆಣಸಿನ ಸಸಿ. ಬೆಳಿಗ್ಗೆ ನೀರು ಹಾಯಿಸುವುದು ಮೊದಲ ಕೆಲಸ.

ನಿನ್ನನ್ನು ಕ್ಷಮಿಸಿಲ್ಲ. ಕಾಗದ ಕೈಯಲ್ಲಿ ಹಿಡಿದುಕೊಂಡು ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತಿದ್ದೆ, ಈಗಲಾದರೂ ಸಿಟ್ಟು ಹೋಗಬೇಕಲ್ಲ ಅಂತ. ಹೋಗಿಲ್ಲ. ಶುಕ್ರವಾರ ನೀನು ಅಂದದ್ದು ಮಾಫ್ ಆಗಿದೆ. ಶನಿವಾರ ಸಿಹಿ ಮಾಡಿದ್ದು ಆಗಿಲ್ಲ. ಅದಕ್ಕೆ ಸದ್ಯ ಬರಬೇಡ, ನಾನೂ ಬರುವುದಿಲ್ಲ.

ಆದರೆ ನಿನ್ನ ಕಾಗದಗಳನ್ನೆಲ್ಲ ನಿನ್ನೆ ಮತ್ತೆ ಓದಿದೆ. ಐದು ಇವೆ. ಮುನೀಂದ್ರ ಯಾವ ಊರಿನಲ್ಲಿದ್ದಾನೆ ಅನ್ನುವುದು ಐದರಲ್ಲೂ ಇದೆ. ಕೊನೆಯದರಲ್ಲಿ ಅಲ್ಲಿ ಬಿಸಿಲೆಷ್ಟು ಅನ್ನುವುದೂ ಇದೆ. ಆರುನೂರು ಜನರನ್ನು ಹೇಗಿದ್ದೀರಿ ಅಂತ ಕೇಳಿದವಳನ್ನು ಯಾರೂ ಕೇಳಿದ ಹಾಗೆ ಕಾಣಲಿಲ್ಲ.

ಅದಕ್ಕೆ ಕೇಳುತ್ತಿದ್ದೇನೆ. ಅವನು ಬಂದನಾ? ನೀನು ಬೆಳಿಗ್ಗೆಯಿಂದ ಸಂಜೆವರೆಗೆ ಏನು ಮಾಡುತ್ತೀಯ? ಯಾರ ಜೊತೆ ಮಾತಾಡುತ್ತೀಯ?

ಬರೆ. ಚೆನ್ನಾಗಿದ್ದೇನೆ ಅಂತ ಮಾತ್ರ ಬರೆಯಬೇಡ.

ರೂಬಿ